ಬೇರೆಯವರ ಜಗಳ ಬಗೆಹರಿಸಲು ಕಲಿಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಡಿ, ದಾರಿ, ನೀರು, ಹಿಸ್ಸೆ. ಮಲೆನಾಡಿನ ಹಳ್ಳಿಗಳಲ್ಲಿ ಮಾತು ಬಿಡುವಷ್ಟು ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಈ ನಾಲ್ಕರಿಂದ. ಇಂಥ ಹೊತ್ತಲ್ಲಿ ಊರಿನವರು ಮೇಷ್ಟ್ರನ್ನೋ, ಸೊಸೈಟಿ ನಿರ್ದೇಶಕರನ್ನೋ, ಸ್ವಸಹಾಯ ಸಂಘದ ಅಕ್ಕನನ್ನೋ ಕರೆಯುತ್ತಾರೆ. ಹಾಗೆ ಕರೆ ಬಂದವರು, ಬರಬಹುದಾದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ನಮ್ಮೂರಲ್ಲಿ ಪಂಚಾಯ್ತಿ ಮಾಡೋದು ಮೊದಲಿಂದ ಇದೆಯಲ್ಲ, ಮಧ್ಯಸ್ಥಿಕೆ ಅಂದರೆ ಬೇರೆ ಏನು?

ಪಂಚಾಯ್ತಿಯಲ್ಲಿ ಹಿರಿಯರು ಎರಡೂ ಕಡೆಯವರ ಮಾತು ಕೇಳಿ ತೀರ್ಮಾನ ಹೇಳುತ್ತಾರೆ. ಮಧ್ಯಸ್ಥಿಕೆಯಲ್ಲಿ ತೀರ್ಮಾನ ಜಗಳವಾಡಿದವರದ್ದೇ. ಅವರು ತೀರ್ಮಾನಕ್ಕೆ ಬರುವ ತನಕ ಮಾತು ಮುರಿದು ಬೀಳದಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೆಲಸ. ದೊಡ್ಡವರ ಮುಖ ನೋಡಿ ತಲೆಯಾಡಿಸಿ ಹೋದವನು, ಆ ದೊಡ್ಡವರು ತೀರಿಕೊಂಡ ಮರುವರ್ಷವೇ ಬೇಲಿ ಕಿತ್ತು ಹಾಕುವುದುಂಟು. ತಾನೇ ಬಾಯಿಬಿಟ್ಟು ಹೇಳಿ ಒಪ್ಪಿದ್ದನ್ನು ಮುರಿಯಲು ಅಷ್ಟು ಸುಲಭಕ್ಕೆ ಮನಸ್ಸು ಬರುವುದಿಲ್ಲ.

ಕಲಿಯುವವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ. ಹತ್ತು ನಿಮಿಷ ಕೇಳುವಷ್ಟರಲ್ಲಿ ಯಾರದ್ದು ಸರಿ ಎಂದು ಮನಸ್ಸು ತೀರ್ಪು ಬರೆದುಬಿಡುತ್ತದೆ. ಆಮೇಲೆ ಕೇಳುವ ಪ್ರಶ್ನೆಗಳೆಲ್ಲ ಆ ತೀರ್ಪಿಗೆ ಪುರಾವೆ ಹುಡುಕುವ ಪ್ರಶ್ನೆಗಳಾಗುತ್ತವೆ. ಎದುರಿಗೆ ಕೂತವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಕಾನೂನು ಓದಿರಬೇಕಾ? ತರಬೇತಿ ಎಲ್ಲಿ ಸಿಗುತ್ತದೆ?

ಊರಿನ ಮಟ್ಟದ ಮಧ್ಯಸ್ಥಿಕೆಗೆ ಕಾನೂನು ಪದವಿ ಬೇಕಿಲ್ಲ. ಕೋರ್ಟಿಗೆ ಸೇರಿದ ಮಧ್ಯಸ್ಥಿಕೆ ಕೇಂದ್ರಗಳ ದಾರಿ ಬೇರೆ. ಅಲ್ಲಿ ಕೂರುವವರಿಗೆ ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ ರೂಪಿಸಿದ 40 ಗಂಟೆಗಳ ತರಬೇತಿ ಇದೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 2007ರ ಜನವರಿಯಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾದ ಮೇಲೆ. ಶಿವಮೊಗ್ಗದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿದರೆ ತರಬೇತಿ, ಕಾನೂನು ಅರಿವು ಶಿಬಿರ, ಅರೆ ಕಾನೂನು ಸ್ವಯಂಸೇವಕರ ಆಯ್ಕೆ ಇವುಗಳ ವಿವರ ಸಿಗುತ್ತದೆ.

ತರಬೇತಿಗೆ ಕಾಯದೆ ಮಾಡಬಹುದಾದ ಅಭ್ಯಾಸವೂ ಇದೆ. ಮೂವರು ಸೇರಿ. ಇಬ್ಬರು ಜಗಳದವರು, ಒಬ್ಬರು ಮಧ್ಯಸ್ಥರು. ಮಧ್ಯಸ್ಥರು 20 ನಿಮಿಷ ಪ್ರಶ್ನೆ ಮಾತ್ರ ಕೇಳಬೇಕು, ಒಂದೂ ಸಲಹೆ ಕೊಡಬಾರದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಕೇಳಿ. "ನೀವು ಹೀಗೆ ಮಾಡಬಹುದಿತ್ತಲ್ಲ?" ಎಂಬಂಥ ಮಾತು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಅದು ಪ್ರಶ್ನೆಯ ವೇಷ ಹಾಕಿದ ಸಲಹೆ. ಮೊದಲ ಸಲ ಹತ್ತಾದರೂ ಸಿಗುತ್ತವೆ. ಪಾತ್ರ ಬದಲಿಸಿ ಮತ್ತೆ ಮಾಡಿ. ನಿಜವಾದ ಜಗಳದ ರೆಕಾರ್ಡಿಂಗ್ ಮಾತ್ರ ಯಾವತ್ತೂ ಮಾಡಬೇಡಿ.

ಎಂಥ ಜಗಳಕ್ಕೆ ಕೈ ಹಾಕಲೇಬಾರದು?

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಅತ್ಯಾಚಾರ, ಜಾತಿ ದೌರ್ಜನ್ಯ, ಮನೆಯೊಳಗೆ ಹೊಡೆತ ಬಡಿತ, ಬಾಲ್ಯವಿವಾಹ. ಇವುಗಳಲ್ಲಿ ರಾಜಿ ಮಾಡಿಸಲು ಕೂತರೆ ನೊಂದವರಿಗೆ ಎರಡನೇ ಸಲ ಅನ್ಯಾಯ ಮಾಡಿದಂತೆ. ಮಕ್ಕಳ ಮೇಲಿನ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. "ಊರಿನ ಮಾನ" ಎಂಬ ಮಾತು ಇಲ್ಲಿ ಸಲ್ಲದು. ಪೊಲೀಸರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಉಚಿತ ಕಾನೂನು ನೆರವಿಗೆ 15100 ಇದೆ.

ಎರಡನೆಯದು, ಒಬ್ಬರು ಇನ್ನೊಬ್ಬರಿಗೆ ಹೆದರಿ ಬಾಯಿ ತೆರೆಯಲಾರದ ಸ್ಥಿತಿ. ಗೊತ್ತಾಗುವುದು ಹೇಗೆಂದರೆ, ಉತ್ತರ ಕೊಡುವ ಮೊದಲು ಅವರು ನಿಮ್ಮನ್ನಲ್ಲ, ಎದುರಿನವರನ್ನು ನೋಡುತ್ತಾರೆ. ಅಲ್ಲಿ ನಿಲ್ಲಿಸಿ.

ಮೂರನೆಯದು, ಇಬ್ಬರದ್ದೂ ಅಲ್ಲದ ಜಾಗ. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಬಗರ್‌ಹುಕುಂ ಒತ್ತುವರಿ, ಕೆರೆ ಅಂಗಳ. ಸೊಪ್ಪು ತರುವ ದಾರಿ, ದನ ಮೇಯಿಸುವ ಸರದಿ ಬಗ್ಗೆ ಒಪ್ಪಂದ ಮಾಡಿಸಬಹುದು. ಸರ್ಕಾರದ ನೆಲವನ್ನು ಇಬ್ಬರಿಗೆ ಹಂಚುವ ಕಾಗದ ಮಾಡಿಸಿದರೆ ಅದಕ್ಕೆ ಬೆಲೆಯೂ ಇಲ್ಲ, ನಿಮ್ಮ ಸಹಿಯಿಂದ ನಿಮಗೇ ತೊಂದರೆ.

ಇಬ್ಬರೂ ನನಗೆ ನೆಂಟರು. ನಾನು ಕೂರಬಹುದಾ?

ಮಲೆನಾಡಲ್ಲಿ ನೆಂಟಸ್ತಿಕೆಯೇ ಇಲ್ಲದವರನ್ನು ಹುಡುಕಹೊರಟರೆ ಯಾರೂ ಸಿಗಲಿಕ್ಕಿಲ್ಲ. ನೆಂಟಸ್ತಿಕೆ ಇರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಇಬ್ಬರ ಎದುರಿಗೂ ಹೇಳಿ: ಇವರಿಗೆ ನಾನು ಹೀಗೆ ಸಂಬಂಧ, ಅವರ ಹತ್ತಿರ ಸಾಲ ಇದೆ, ಇವರ ತೋಟದ ಚೇಣಿ (ಫಸಲಿನ ಗುತ್ತಿಗೆ) ಹಿಡಿದಿದ್ದೇನೆ. ಹೇಳಿದ ಮೇಲೂ ಇಬ್ಬರೂ ಒಪ್ಪಿದರೆ ಕೂರಿ. ಫಲಿತಾಂಶದಿಂದ ನಿಮಗೆ ಒಂದು ರೂಪಾಯಿ ಲಾಭವೋ ನಷ್ಟವೋ ಆಗುವಂತಿದ್ದರೆ ಬೇಡ.

ಕರೆಯುವ ರೀತಿಯನ್ನೂ ಮೊದಲೇ ಸರಿಮಾಡಿಕೊಳ್ಳಿ. ಒಬ್ಬರನ್ನು "ಭಾವ" ಎಂದು, ಇನ್ನೊಬ್ಬರನ್ನು ಹೆಸರು ಹಿಡಿದು ಕರೆದರೆ ತಕ್ಕಡಿ ಅಲ್ಲೇ ಬಾಗಿತು. ತೋಟದ ಯಜಮಾನರಿಗೆ "ಗೌಡ್ರೆ", "ಹೆಗಡೇರೆ" ಎಂದು ಬಹುವಚನ, ಅಡಿಕೆ ಕೊನೆ ತೆಗೆಯುವವನಿಗೆ "ನೀನು" ಎಂಬ ರೂಢಿ ಇನ್ನೂ ಹೋಗಿಲ್ಲ. ಆ ಕೂಟದ ಮಟ್ಟಿಗಾದರೂ ಇಬ್ಬರಿಗೂ "ನೀವು". ಹಾಗೆಯೇ ಇಬ್ಬರಿಗೂ ಒಂದೇ ಎತ್ತರದ ಆಸನ. ಒಬ್ಬರು ಕುರ್ಚಿಯಲ್ಲಿ, ಒಬ್ಬರು ಮೆಟ್ಟಿಲ ಮೇಲೆ ಕೂತ ಮಾತುಕತೆಯಲ್ಲಿ ಕೆಳಗೆ ಕೂತವರು "ಆಯ್ತು" ಎಂದದ್ದು ಒಪ್ಪಿಗೆಯಲ್ಲ.

ಕೂಟಕ್ಕೆ ಮುಂಚೆ ಏನು ತಯಾರಿ?

ಜಾಗ ನೋಡದೆ ಕೂರಬೇಡಿ. ಗಡಿ, ನೀರು, ದಾರಿಯ ತಕರಾರಾದರೆ ಎರಡು ಸಲ ಹೋಗಿ, ಒಂದೊಂದು ಸಲ ಒಬ್ಬೊಬ್ಬರ ಜೊತೆ. ಟೇಪು ತೆಗೆದುಕೊಂಡು ಹೋಗಿ, ಅಳತೆ ಬರೆದುಕೊಳ್ಳಿ. ಒಬ್ಬರ ಮನೆಯಲ್ಲಿ ಕಾಫಿ ಕುಡಿದರೆ ಇನ್ನೊಬ್ಬರ ಮನೆಯಲ್ಲೂ ಕುಡಿಯಿರಿ, ಇಲ್ಲವೇ ಎರಡೂ ಕಡೆ ಬೇಡ.

ಕಾಗದಗಳು: ಪಹಣಿ, ಸರ್ವೆ ನಕ್ಷೆ, ಹಳೆಯ ವಿಭಾಗಪತ್ರ, ಕೋರ್ಟಿನಲ್ಲಿ ಏನಾದರೂ ಇದ್ದರೆ ಅದರ ನಕಲು. ಗುಂಟೆ ಲೆಕ್ಕ ಬಾಯಲ್ಲಿರಲಿ: ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. "ಎರಡು ಆಣೆ ಜಾಗ ಒತ್ತಿದ್ದಾನೆ" ಎಂದಾಗ ಅದು ಸುಮಾರು 136 ಚದರಡಿ ಎಂದು ತಕ್ಷಣ ಹೊಳೆದರೆ, ಮಾತು ಎಷ್ಟು ಜಾಗದ ಮೇಲೆ ನಡೆಯುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತದೆ.

ದಿನ ಗೊತ್ತು ಮಾಡುವಾಗ ಕೊನೆಕೊಯ್ಲಿನ ದಿನಗಳನ್ನು, ಔಷಧಿ ಹೊಡೆಯುವ ಬಿಡುವು ಸಿಗುವ ದಿನಗಳನ್ನು ತಪ್ಪಿಸಿ. ಮಳೆ ಬಿಡುವು ಕೊಟ್ಟ ಹೊತ್ತಲ್ಲಿ ಅಡಿಕೆಗೆ ಮೈಲುತುತ್ತದ ಔಷಧಿ ಹೊಡೆಸಬೇಕಾದವನು ಕೂಟದಲ್ಲಿ ಕೂತಿದ್ದರೂ ಮನಸ್ಸು ತೋಟದಲ್ಲಿರುತ್ತದೆ. ಕೂಟದ ಜಾಗ ಯಾರ ಜಗಲಿಯೂ ಆಗಬಾರದು. ಶಾಲೆ, ಸೊಸೈಟಿ ಕೋಣೆ, ಸಮುದಾಯ ಭವನ ಆಗಬಹುದು. ಮುಚ್ಚುವ ಬಾಗಿಲಿರುವ ಇನ್ನೊಂದು ಕೋಣೆ ಬೇಕೇ ಬೇಕು.

ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ಈಗಲೇ ಕೇಳಿಕೊಳ್ಳಿ. ಮೂರು ತಾಸು ಮಾತಾಡಿ ಕೊನೆಗೆ "ಬೆಂಗಳೂರಿನಲ್ಲಿರೋ ತಮ್ಮನ್ನ ಕೇಳಿ ಹೇಳ್ತೀನಿ" ಎಂಬಲ್ಲಿ ನಿಂತುಹೋದ ಕೂಟಗಳು ಬಹಳ. ತಮ್ಮ ಬರಲಾಗದಿದ್ದರೆ ವಿಡಿಯೊ ಕರೆಯಲ್ಲಾದರೂ ಇರಲಿ.

ಕೂಟ ಹೇಗೆ ನಡೆಸಬೇಕು?

ಮೊದಲು ನೀವು ಐದು ನಿಮಿಷ ಮಾತಾಡಿ, ಇಷ್ಟು ಹೇಳಿ: ನಾನು ತೀರ್ಪು ಕೊಡುವುದಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಡೆಯಬಾರದು. ಯಾರು ಯಾವಾಗ ಬೇಕಾದರೂ ಎದ್ದು ಹೋಗಬಹುದು. ಇಲ್ಲಿ ಆಡಿದ್ದು ಹೊರಗೆ ಹೋಗಬಾರದು. ಯಾರ ಜೀವಕ್ಕಾದರೂ, ಮಗುವಿಗಾದರೂ ಅಪಾಯವಿದೆ ಎಂದು ಗೊತ್ತಾದರೆ ಮಾತ್ರ ನಾನು ಸುಮ್ಮನಿರಲಾರೆ ಎಂಬುದನ್ನೂ ಆಗಲೇ ಹೇಳಿ.

ಆಮೇಲೆ ಒಬ್ಬೊಬ್ಬರಿಗೆ ಹತ್ತು ಹದಿನೈದು ನಿಮಿಷ. ಮೊದಲು ಯಾರು ಎಂಬುದನ್ನು ಅವರೇ ನಿರ್ಧರಿಸಲಿ. ಇಬ್ಬರದ್ದೂ ಮುಗಿದ ಮೇಲೆ ನೀವು ಕೇಳಿಸಿಕೊಂಡದ್ದನ್ನು ಅವರಿಗೇ ತಿರುಗಿ ಹೇಳಿ, "ಸರಿಯಾಗಿ ಕೇಳಿಸಿಕೊಂಡೆನಾ?" ಎಂದು ಕೇಳಿ. ನಂತರ ಬೇರೆ ಬೇರೆಯಾಗಿ ಮಾತಾಡಿ, ಒಬ್ಬೊಬ್ಬರ ಜೊತೆ ಹೆಚ್ಚುಕಡಿಮೆ ಒಂದೇ ಅವಧಿ. ಒಬ್ಬರ ಜೊತೆ ಅರ್ಧ ಗಂಟೆ ಒಳಗಿದ್ದು ಇನ್ನೊಬ್ಬರನ್ನು ಐದು ನಿಮಿಷಕ್ಕೆ ಹೊರಗೆ ಕಳಿಸಿದರೆ ಅನುಮಾನ ಬರದೆ ಇರುತ್ತದೆಯೇ? ಪ್ರತಿ ಸಲ ಹೊರಬರುವ ಮೊದಲು ಕೇಳಿ: "ಇದರಲ್ಲಿ ಯಾವುದನ್ನು ಅವರಿಗೆ ಹೇಳಬಹುದು?" ಅನುಮತಿ ಇಲ್ಲದ ಒಂದು ಮಾತು ಬಾಯಿ ತಪ್ಪಿ ದಾಟಿದರೂ ಅಲ್ಲಿಗೆ ನಿಮ್ಮ ಮೇಲಿನ ನಂಬಿಕೆ ಹೋಯಿತು.

ಒಂದು ಕೂಟ ಎರಡೂವರೆ ಗಂಟೆ ಮೀರದಿರಲಿ. ದಣಿದವರು ಒಪ್ಪಿದ್ದನ್ನು ಬೆಳಗ್ಗೆ ಎದ್ದು ನಿರಾಕರಿಸುತ್ತಾರೆ.

"ಚೆನ್ನಾಗಿ ಕೇಳಿಸಿಕೊಳ್ಳಿ" ಅಂತಾರೆ. ಅಂದರೆ ಏನು ಮಾಡಬೇಕು?

ಒಂದು ಉದಾಹರಣೆ ಹಿಡಿಯೋಣ. ಮೇಲೊಂದು ತೋಟ, ಕೆಳಗೊಂದು ತೋಟ, ನಡುವೆ ಗಡಿಯ ಅಗಳ (ಕಂದಕ). ಮೇಲಿನವರು ಹೊಸ ಬಸಿಗಾಲುವೆ ತೆಗೆಸಿದರು, ನೀರು ಕೆಳಗಿನವರ ತೋಟಕ್ಕೆ ನುಗ್ಗಿತು. ಕೆಳಗಿನವರು ಅಡ್ಡ ಒಡ್ಡು ಹಾಕಿದರು. ಈಗ ಒಬ್ಬರದ್ದು "ಒಡ್ಡು ತೆಗೀಬೇಕು", ಇನ್ನೊಬ್ಬರದ್ದು "ಕಾಲುವೆ ಮುಚ್ಚಬೇಕು". ಇವೆರಡರ ನಡುವೆ ಚೌಕಾಸಿ ಮಾಡಿದರೆ ಅರ್ಧ ಒಡ್ಡು, ಅರ್ಧ ಕಾಲುವೆ ಉಳಿಯುತ್ತದೆ, ಎರಡೂ ತೋಟ ಹಾಳು. ಕೆಳಗಿನವರ ಜೊತೆ ಬೇರೆಯಾಗಿ ಕೂತಾಗ ಮಾತು ಹೀಗೆ ಹೋಗಬಹುದು:

"ಕಾಲುವೆ ಮುಚ್ಚಿದರೆ ನಿಮಗೆ ಏನು ಅನುಕೂಲ?"
"ನೀರು ನಿಲ್ಲೋದು ತಪ್ತದೆ. ಎರಡು ಸಾಲು ಮರದ ಬೇರು ಕೊಳೀತಾ ಇದೆ."
"ನೀರು ನಿಮ್ಮ ತೋಟದಲ್ಲಿ ನಿಲ್ಲದ ಹಾಗೆ ಬೇರೆ ಕಡೆಯಿಂದ ಹೋದರೆ?"
"ಹೋದ್ರೆ ಹೋಗ್ಲಿ. ನನಗೆಂತ, ನೀರು ಹಳ್ಳಕ್ಕೆ ಸೇರೋದೇ ಅಲ್ವಾ."
ಸುಮ್ಮನಿರಿ. ಹತ್ತು ಸೆಕೆಂಡು.
"ನಲವತ್ತು ವರ್ಷ ಒಂದೇ ಅಗಳದ ಆಚೆ ಈಚೆ ಇದ್ದೀವಿ. ಜೆಸಿಬಿ ತರೋ ಮೊದ್ಲು ಒಂದ್ ಮಾತು ಹೇಳ್ಲಿಲ್ಲ."

ಆ ಕೊನೆಯ ಮಾತಿಗಾಗಿಯೇ ಸುಮ್ಮನಿರಬೇಕಾದದ್ದು. ಬೇಡಿಕೆ ಕಾಲುವೆ ಮುಚ್ಚುವುದು, ಅಗತ್ಯ ನೀರು ಬಸಿದು ಹೋಗುವುದು, ನೋವು ಕೇಳದೆ ಮಾಡಿದ್ದು. ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಕಾಲುವೆಯ ದಾರಿಯನ್ನು ಟೇಪು ಹಿಡಿದು ಬಗೆಹರಿಸಬಹುದು. "ಹೇಳಬೇಕಿತ್ತು, ಹೇಳಲಿಲ್ಲ" ಎಂಬ ಒಂದು ಮಾತು ಮಾತ್ರ ಮೇಲಿನವರ ಬಾಯಿಂದಲೇ ಬರಬೇಕು. ನೀವು ಅವರ ಪರವಾಗಿ ಕ್ಷಮೆ ಕೇಳಬೇಡಿ, ಬಲವಂತದಿಂದ ಕೇಳಿಸಲೂ ಬೇಡಿ. ಕೆಳಗಿನವರು ಅನುಮತಿ ಕೊಟ್ಟರೆ ಆ ಮಾತನ್ನು ಮೇಲಿನವರಿಗೆ ತಲುಪಿಸಿ, ಅಷ್ಟೇ ಸಾಕು.

ಕೂಗಾಟ ಶುರುವಾದರೆ?

ನಿಮ್ಮ ದನಿ ಏರಿಸಬೇಡಿ, ಇಳಿಸಿ. ಒಂದೆರಡು ನಿಮಿಷ ಕೂಗಲು ಬಿಡಿ, ವರ್ಷಗಟ್ಟಲೆ ಕಟ್ಟಿಕೊಂಡದ್ದು ಹೊರಗೆ ಬರಲೇಬೇಕು. ತಾಯಿ ತಂದೆಯ ಮೇಲೆ, ಜಾತಿಯ ಮೇಲೆ ಮಾತು ಹೋದ ಕೂಡಲೇ ನಿಲ್ಲಿಸಿ ಬೇರೆ ಕೋಣೆಗೆ ಕರೆದೊಯ್ಯಿರಿ. ಕುಡಿದು ಬಂದವರಿದ್ದರೆ ಆ ದಿನದ ಕೂಟವೇ ಬೇಡ.

ಧರ್ಮಸ್ಥಳಕ್ಕೆ ಹೋಗಿ ಆಣೆ ಹಾಕಲಿ ಎನ್ನುತ್ತಾರೆ. ಒಪ್ಪಬಹುದಾ?

ಇದು ಪ್ರತಿ ಎರಡನೇ ಕೂಟದಲ್ಲಿ ಬರುವ ಸವಾಲು ಎಂದುಕೊಂಡೇ ತಯಾರಾಗಿ. ಸಿಗಂದೂರು ದೇವಿಯ ಕಾವಲಿದೆ ಎಂಬ ಫಲಕ ತೋಟದ ಬೇಲಿಗೆ ಕಟ್ಟುವ ಸೀಮೆ ಇದು, ಆ ನಂಬಿಕೆಯನ್ನು ಹಗುರವಾಗಿ ಕಾಣಬಾರದು. ಆದರೆ ಆಣೆಯನ್ನು ಸತ್ಯ ಹೊರಡಿಸುವ ಉಪಾಯವಾಗಿ ಬಳಸಬೇಡಿ. ಆಣೆ ಹಾಕಿದ ಮೇಲೆ ಒಬ್ಬರು ಸತ್ಯವಂತರು, ಇನ್ನೊಬ್ಬರು ಸುಳ್ಳುಗಾರರು ಎಂದು ಆಗಿಬಿಡುತ್ತದೆ. ಆಮೇಲೆ ಅವರ ಮನೆಯಲ್ಲಿ ಕಾಯಿಲೆ ಬಂದರೂ ಅದಕ್ಕೇ ಗಂಟುಹಾಕುತ್ತಾರೆ. ಒಪ್ಪಂದ ಆದ ಮೇಲೆ ಇಬ್ಬರೂ ಸ್ವಂತ ಇಷ್ಟದಿಂದ ಒಟ್ಟಿಗೆ ದೇವಸ್ಥಾನಕ್ಕೆ ಹೋಗುತ್ತೇವೆ ಎಂದರೆ ಸಂತೋಷವಾಗಿ ಕಳಿಸಿ.

ಗಡಿ ಯಾರದ್ದು ಸರಿ ಎಂದು ನಾನೇ ಅಳೆದು ಹೇಳಬಹುದಾ?

ಬೇಡ. ಸರ್ವೆ ಇಲಾಖೆಗೆ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಅರ್ಜಿ ಹಾಕಲು ಇಬ್ಬರನ್ನೂ ಒಪ್ಪಿಸಿ. ಖರ್ಚು ಸಮಪಾಲು ಇರಲಿ, ಅಳತೆಯ ದಿನ ಇಬ್ಬರೂ ಇರಲಿ. ಅಳತೆಗೆ ಮುಂಚೆಯೇ ಒಂದು ಮಾತು ಇತ್ಯರ್ಥವಾಗಬೇಕು: ಗೆರೆ ಎಲ್ಲಿ ಬಂದರೂ ಅದರ ಮೇಲಿರುವ ಫಲ ಬರುವ ಮರಗಳನ್ನು ಏನು ಮಾಡುವುದು? ಗೆರೆ ಬಿದ್ದ ಮೇಲೆ ಈ ಪ್ರಶ್ನೆ ಎತ್ತಿದರೆ ಗೆದ್ದವರು ಕೊಡಲಿ ಹಿಡಿದು ನಿಂತಿರುತ್ತಾರೆ. ಮರ ಇದ್ದಷ್ಟು ದಿನ ಫಸಲು ಇವರಿಗೆ, ಬಿದ್ದ ಮೇಲೆ ಜಾಗ ಅವರಿಗೆ ಎಂಬಂಥ ಒಪ್ಪಂದಗಳು ನಡೆದುಕೊಂಡು ಹೋಗುತ್ತವೆ.

ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಅಕ್ಕತಂಗಿಯರನ್ನೂ ಕೂರಿಸಬೇಕಾ?

ಕೂರಿಸಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕಾಗಿಲ್ಲ, ಹುಟ್ಟಿನಿಂದಲೇ ಬಂದ ಹಕ್ಕು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ವಿಭಾಗಕ್ಕೆ ಇದರಿಂದ ಬಾಧೆ ಇಲ್ಲ.

"ಅವಳಿಗೆ ಅರಿಶಿನ ಕುಂಕುಮ ಕೊಟ್ಟಾಗಿದೆ, ಅವಳೇನೂ ಕೇಳಲ್ಲ" ಎಂದು ಅಣ್ಣ ಹೇಳಿದರೆ ಅದು ಅಣ್ಣನ ಮಾತು. ಅವಳನ್ನೇ, ಅಣ್ಣನೂ ಗಂಡನೂ ಇಲ್ಲದ ಕೋಣೆಯಲ್ಲಿ ಕೇಳಿ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಹೆದರಿಕೆಯಿಂದ ಬೇಡ ಎನ್ನುವುದಕ್ಕೂ ನಿಜಕ್ಕೂ ಬೇಡ ಎನ್ನುವುದಕ್ಕೂ ವ್ಯತ್ಯಾಸ ದನಿಯಲ್ಲೇ ಗೊತ್ತಾಗುತ್ತದೆ. ಪಾಲು ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಬೇಕು. ಬಾಯಿಮಾತು, ಬಿಳಿ ಹಾಳೆಯ ಸಹಿ ನಿಲ್ಲುವುದಿಲ್ಲ.

ಒಪ್ಪಂದ ಬರೆಯುವುದು ಹೇಗೆ?

ಅದೇ ದಿನ, ಅಲ್ಲೇ, ಅವರ ಮಾತಿನಲ್ಲೇ. "ಇಬ್ಬರೂ ಸೌಹಾರ್ದದಿಂದ ನಡೆದುಕೊಳ್ಳತಕ್ಕದ್ದು" ಎಂಬ ಸಾಲು ಯಾವ ಜಗಳವನ್ನೂ ತಡೆದಿಲ್ಲ. ಯಾರು, ಏನು, ಎಷ್ಟು, ಎಲ್ಲಿ, ಯಾವಾಗ, ತಪ್ಪಿದರೆ ಏನು, ಈ ಆರಕ್ಕೂ ಪ್ರತಿ ಕಲಮಿನಲ್ಲಿ ಉತ್ತರ ಇರಬೇಕು. ಮೇಲಿನ ತೋಟದ ವಿಚಾರವೇ ಆದರೆ:

"ಎರಡು ತೋಟಗಳ ನಡುವಿನ ಅಗಳದ ಗುಂಟ, ಮೂಡಣ ಮೂಲೆಯ ಹಲಸಿನ ಮರದಿಂದ ಹಳ್ಳದವರೆಗೆ 60 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಆಳದ ಕಾಲುವೆಯನ್ನು ಮೇಲಿನ ತೋಟದವರು ಮೇ 20ರೊಳಗೆ ತೆಗೆಸುವುದು. ಕೂಲಿಯಲ್ಲಿ ಮೂರನೇ ಎರಡು ಪಾಲು ಮೇಲಿನವರದ್ದು, ಒಂದು ಪಾಲು ಕೆಳಗಿನವರದ್ದು. ಕಾಲುವೆ ತೆಗೆದು ಮೂರು ದಿನದೊಳಗೆ ಕೆಳಗಿನವರು ಒಡ್ಡು ಬಿಚ್ಚುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಗೆ, ಹಾಳೆ, ಮಣ್ಣು ತೆಗೆಯುವ ಕೆಲಸ ಒಂದು ವಾರ ಇವರದ್ದು, ಒಂದು ವಾರ ಅವರದ್ದು. ಕಾಲುವೆ ಬದಲಿಸಬೇಕಾದರೆ 15 ದಿನ ಮುಂಚೆ ಮಾತಾಡುವುದು."

ಕೊನೆಯ ಸಾಲು ನೋಡಿ, ಕೆಳಗಿನವರ ನೋವಿಗೆ ಉತ್ತರ ಅಲ್ಲಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ. ಓದು ಬಾರದವರಿದ್ದರೆ ಅವರಿಗೆ ಬೇಕಾದ ಇನ್ನೊಬ್ಬರಿಂದ ಮತ್ತೊಮ್ಮೆ ಓದಿಸಿ. ಸಹಿ ಹಾಕಲು ಒಂದು ರಾತ್ರಿ ಬೇಕು ಎಂದರೆ ಕೊಡಿ. ದಂಡ, ಬಹಿಷ್ಕಾರದ ಷರತ್ತು ಬರೆಯಲೇಬೇಡಿ. ಅಂಥ ಅಧಿಕಾರ ನಿಮಗೂ ಇಲ್ಲ, ಊರಿಗೂ ಇಲ್ಲ.

ಈ ಕಾಗದಕ್ಕೆ ಕಾನೂನಿನ ಬಲ ಇದೆಯಾ?

ಅದು ಯಾವ ದಾರಿಯಲ್ಲಿ ಆಯಿತು ಎಂಬುದರ ಮೇಲೆ. ಊರಲ್ಲಿ ಕೂತು ಬರೆದದ್ದು ಇಬ್ಬರ ನಡುವಿನ ಕರಾರು ಮಾತ್ರ, ಕೋರ್ಟಿನ ಡಿಕ್ರಿಯಂತೆ ನೇರವಾಗಿ ಜಾರಿ ಮಾಡಿಸಲಾಗದು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಮೂವರ ಸಮಿತಿ ನಡೆಸುವ ಸಮುದಾಯ ಮಧ್ಯಸ್ಥಿಕೆಯ ಅಧ್ಯಾಯವೇ ಇದೆ. ಅಲ್ಲೂ ಒಪ್ಪಂದ ಇರುವುದು ನೆರೆಹೊರೆಯ ಶಾಂತಿಗಾಗಿ, ಡಿಕ್ರಿಯ ಬಲ ಅದಕ್ಕಿಲ್ಲ. ಆ ಕಾಯ್ದೆಯ ಕಲಮುಗಳೆಲ್ಲ ಒಟ್ಟಿಗೆ ಜಾರಿಗೆ ಬರಲಿಲ್ಲ, 2023ರ ಅಕ್ಟೋಬರ್ 9ರಂದು ಜಾರಿಯಾದದ್ದು ಕೆಲವು ಮಾತ್ರ. ಹಾಗಾಗಿ ಅದನ್ನು ನೆಚ್ಚುವ ಮುನ್ನ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿಕೊಳ್ಳಿ.

ಬಲ ಬೇಕಿದ್ದರೆ ಒಪ್ಪಂದವನ್ನು ಲೋಕ ಅದಾಲತ್ ಮುಂದೆ ಇಡಿಸಿ. ಕೇಸು ಹಾಕದ ವ್ಯಾಜ್ಯವನ್ನೂ ಅಲ್ಲಿ ಇಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಲ್ಲಿನ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಕೋರ್ಟಿನಲ್ಲಿದ್ದ ಕೇಸು ಅಲ್ಲಿ ಮುಗಿದರೆ ಕಟ್ಟಿದ ಶುಲ್ಕವೂ ವಾಪಸು. ಜಮೀನಿನ ಹಕ್ಕನ್ನೇ ಹೊಸದಾಗಿ ಕೊಡುವ, ಬಿಡುವ ಪತ್ರವಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು.

ಇನ್ನೊಂದು ಎಚ್ಚರಿಕೆ. ಮಾತುಕತೆ ನಡೆಯುತ್ತಿದೆ ಎಂದು ಕೋರ್ಟಿನ ಗಡುವು ನಿಲ್ಲುವುದಿಲ್ಲ. ಜಾಗದಿಂದ ಅಕ್ರಮವಾಗಿ ಹೊರಹಾಕಿಸಿಕೊಂಡವರು ಸ್ವಾಧೀನ ಮರಳಿ ಪಡೆಯಲು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಹೋಗುವುದಾದರೆ ಇರುವುದು 6 ತಿಂಗಳು. ನೀವು ಕೂಟದ ಮೇಲೆ ಕೂಟ ಮುಂದೂಡುತ್ತಾ ಹೋದರೆ ಅನ್ಯಾಯ ಮಾಡಿದವರಿಗೇ ಲಾಭ. ವಕೀಲರನ್ನು ಕಾಣಲು ಮೊದಲ ದಿನವೇ ಹೇಳಿ.

ಇದಕ್ಕೆ ದುಡ್ಡು ತೆಗೆದುಕೊಳ್ಳಬಹುದಾ?

ಊರಿನ ಕೂಟಕ್ಕೆ ಬೇಡ. ಓಡಾಟದ ಖರ್ಚು ಇದ್ದರೆ ಇಬ್ಬರಿಂದಲೂ ಸಮನಾಗಿ, ಮೊದಲೇ ಹೇಳಿ. ಬಗೆಹರಿದ ಖುಷಿಗೆ ಒಬ್ಬರು ಕಳಿಸುವ ಬಾಳೆಗೊನೆಯನ್ನೂ ನಯವಾಗಿ ಹಿಂದಿರುಗಿಸಿ.

ಒಪ್ಪಂದ ಆದ ಮೇಲೆ ನಮ್ಮ ಕೆಲಸ ಮುಗಿಯಿತಾ?

ಇನ್ನೂ ಇಲ್ಲ. ಗಡುವಿನ ಮರುದಿನ ಇಬ್ಬರಿಗೂ ಫೋನ್ ಮಾಡಿ. ಕಾಲುವೆಯ ವಿಚಾರವಾದರೆ ಜೂನ್‌ನ ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಒಮ್ಮೆ ಹೋಗಿ, ಇಬ್ಬರನ್ನೂ ಕರೆದುಕೊಂಡು ಅಗಳದ ಗುಂಟ ನಡೆಯಿರಿ. ಹಲಸಿನ ಮರದ ಬುಡದ ತಿರುವಿನಲ್ಲಿ ಸೋಗೆ ಸಿಕ್ಕಿ ನೀರು ಕಟ್ಟಿರಬಹುದು, ದರೆ ಸ್ವಲ್ಪ ಜರಿದಿರಬಹುದು. ತಿರುವನ್ನು ಇನ್ನೊಂದಡಿ ಅಗಲ ಮಾಡುವುದೆಂದು ಅವರೇ ಮಾತಾಡಿಕೊಂಡರೆ ಹಳೆಯ ಕಾಗದದ ಕೆಳಗೆ ಒಂದು ಸಾಲು ಸೇರಿಸಿ, ದಿನಾಂಕ ಹಾಕಿ, ಇಬ್ಬರ ಸಹಿ ತೆಗೆದುಕೊಳ್ಳಿ.